ಹೋಯ್ ಆನ್‌ನಲ್ಲೊಂದು ಅಮೃತಹಳ್ಳಿ

ನನ್ನ ಫೋನಿನ ಮಾತನ್ನು ನಂಬುವುದಾದರೆ, ಕಳೆದ ಬೇಸಿಗೆ ರಜೆಯಲ್ಲಿ ನಾನೂ ಅಮ್ಮನೂ ಎಲ್ಲಿಗೂ ಹೋಗಲಿಲ್ಲ. ವಿಯೆಟ್ನಾಂನ ನದಿ, ದೋಣಿಗಳು, ಹಳದಿ ಗೋಡೆಗಳು, ಬೀದಿಯುದ್ದಕ್ಕೂ ತೂಗುವ ಆಕಾಶಬುಟ್ಟಿಗಳು, ತಾಳೆಗರಿಯ ಟೋಪಿ ಹಾಕಿಕೊಂಡು ನಗುತ್ತಿರುವ ಅಮ್ಮ, ಎಲ್ಲದರ ಕೆಳಗೂ ಅದು ಒಂದೇ ಜಾಗದ ಹೆಸರು ಬರೆದಿಟ್ಟಿದೆ: ಅಮೃತಹಳ್ಳಿ, ಬೆಂಗಳೂರು. ನಮ್ಮ ಮನೆ ಇರುವುದು ಅಲ್ಲೇ.

ಇದು ನಗುವ ವಿಷಯ, ನಾವೂ ನಕ್ಕಿದ್ದೇವೆ. ಆದರೆ ಹೋಯ್ ಆನ್‌ನಲ್ಲಿ ಒಂದು ಮಧ್ಯಾಹ್ನ ಈ ತಪ್ಪಿನಿಂದಾಗಿ ಅಮ್ಮನ ಒಂದು ಬ್ಲೌಸ್ ಕತ್ತರಿಗೆ ಸಿಕ್ಕಿ ಹಾಳಾಗುವುದರಲ್ಲಿತ್ತು. ಅದು ಎಂಥ ಬ್ಲೌಸ್ ಎಂದು ಮೊದಲು ಹೇಳಬೇಕು.

ಹೊರಡುವ ಮುಂಚೆ

ನಾನು ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಮ್ಮ ಯಲಹಂಕದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ ಮಾತ್ರ. ವಿಮಾನ ಹತ್ತಿದರೆ ಕಿವಿ ನೋಯುತ್ತದೆಂದು ಅಪ್ಪ ಮನೆಯಲ್ಲೇ ಉಳಿದರು. ಹೋಯ್ ಆನ್ ಎಂಬ ಊರನ್ನು ನಾನು ಆರಿಸಿದ್ದು ಅಲ್ಲಿನ ಹಳೆಯ ಮನೆಗಳಿಗಾಗಿ. ಅಮ್ಮ ಒಪ್ಪಿದ್ದು ಬೇರೆ ಕಾರಣಕ್ಕೆ.

"ಆ ಊರ ತುಂಬಾ ಟೈಲರ್‌ಗಳೇ ಅಂತೆ ಕಣೇ. ಬೆಳಿಗ್ಗೆ ಬಟ್ಟೆ ಕೊಟ್ರೆ ಸಾಯಂಕಾಲಕ್ಕೆ ಹೊಲಿದು ಕೊಡ್ತಾರಂತೆ."

"ಬ್ಲೌಸ್ ಹೊಲಿಸೋಕೆ ವಿಯೆಟ್ನಾಂಗೆ ಹೋಗೋದಾ?"

"ಸಹಕಾರನಗರದಲ್ಲಿ ಆಗ್ಲಿಲ್ವಲ್ಲ."

ವರ್ಷಗಳ ಹಿಂದೆ ಅಮ್ಮ ಕೆಂಪಾಪುರದ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು. ಎಡಭುಜ ಮಾತ್ರ ಒಂದು ಬೆರಳಿನಷ್ಟು ತಗ್ಗಿ ಉಳಿಯಿತು. ಸೀರೆಯ ಸೆರಗು ಬೀಳುವುದು ಅದೇ ಕಡೆಗಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮ ಈ ವಿಷಯ ಯಾರ ಹತ್ತಿರವೂ ಆಡುವುದಿಲ್ಲ. ನಾನೂ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೊರಗಿನವರಲ್ಲಿ ಗೊತ್ತಿದ್ದವರು ಒಬ್ಬರೇ, ಆರ್.ಟಿ. ನಗರದ ಟೈಲರ್ ಹಮೀದಾ ಆಂಟಿ. ಅವರು ಹೊಲಿದ ಬ್ಲೌಸ್ ಹ್ಯಾಂಗರಿನಲ್ಲಿ ತೂಗುವಾಗ ಸೊಟ್ಟ ಕಾಣುತ್ತಿತ್ತು, ಅಮ್ಮ ತೊಟ್ಟರೆ ನೆಟ್ಟಗಾಗುತ್ತಿತ್ತು. ಕಣ್ಣು ಮಂಜಾಗಿ ಅಂಗಡಿ ಮುಚ್ಚುವಾಗ ಅವರು ಕೊನೆಯದಾಗಿ ಒಂದು ಕಂದು ಬಣ್ಣದ ಬ್ಲೌಸ್ ಹೊಲಿದು ಅಮ್ಮನ ಕೈಗಿಟ್ಟಿದ್ದರು. "ಇದನ್ನ ಅಳತೆಗೇ ಇಟ್ಕೊಳ್ಳಿ ಟೀಚರ್. ಯಾರಿಗೂ ಬಿಚ್ಚೋಕೆ ಕೊಡ್ಬೇಡಿ, ಬಿಚ್ಚಿದ್ರೆ ಹೋಯ್ತು ಅಷ್ಟೆ" ಎಂದಿದ್ದರು. ಆ ಅಳತೆ ಬ್ಲೌಸ್ ಅಂದಿನಿಂದ ಬೀರುವಿನಲ್ಲಿ ಬೇರೆಯೇ ಚೀಲದಲ್ಲಿದೆ. ಉಳಿದ ಟೈಲರ್‌ಗಳೆಲ್ಲ ಅದನ್ನು ನೋಡಿ "ಆಯ್ತು ಮೇಡಂ" ಎಂದವರೇ, ಎರಡೂ ಭುಜ ಸಮ ಮಾಡಿ ಹೊಲಿದುಕೊಟ್ಟಿದ್ದರು.

ಹೊರಡುವ ಹಿಂದಿನ ದಿನ ಚಿಕ್ಕಮ್ಮನ ಮಗ ಕಿರಣ ಕೆಂಪಾಪುರದಿಂದ ಬಂದ. ಫೋನು, ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಮನೆಗೆ ಅವನೇ ವೈದ್ಯ. ಹಾಲ್‌ನ ಕಿಟಕಿಯಲ್ಲಿ ಮೂರು ವರ್ಷಗಳಿಂದ ಕೂತಿದ್ದ ಇಂಟರ್‌ನೆಟ್ ಡಾಂಗಲ್ಲನ್ನು ತೆಗೆದು ಒರೆಸಿ ಅಮ್ಮನಿಗೆ ಕೊಟ್ಟ.

"ದೊಡ್ಡಮ್ಮ, ಇದನ್ನೇ ತಗೊಂಡ್ಹೋಗಿ. ಅಲ್ಲಿ ಇಳಿದ ತಕ್ಷಣ ಆ ಊರಿನ ಸಿಮ್ ಹಾಕ್ಬಿಡಿ. ಇಬ್ರ ಫೋನಿಗೂ ನೆಟ್ ಬರುತ್ತೆ."

"ನಿಮ್ಮಪ್ಪಂಗೆ?" ಎಂದು ಅಮ್ಮ ನನ್ನ ಕಡೆ ನೋಡಿದಳು.

"ನಂಗ್ಯಾಕೆ ನೆಟ್ಟು," ಎಂದರು ಅಪ್ಪ. "ನೀವಿಬ್ರೂ ಇಲ್ಲ ಅಂದ್ರೆ ಟಿವಿ ಪೂರ್ತಿ ನಂದೇ." ಆದರೂ ಫೋಟೋ ಬರಬೇಕಲ್ಲ ಎಂದು ಕಿರಣ ಅವರ ಫೋನಿಗೆ ಒಂದು ಡೇಟಾ ಪ್ಯಾಕ್ ಹಾಕಿಸಿಕೊಟ್ಟ.

ಅಮ್ಮ ಡಾಂಗಲ್ಲಿಗೆ ಡಬ್ಬಿ ಎನ್ನುತ್ತಾಳೆ. ಡಬ್ಬಿ ಅವಳ ಕೈಚೀಲ ಸೇರಿತು. ಅಳತೆ ಬ್ಲೌಸೂ ಒಂದು ಹಸಿರು ರೇಷ್ಮೆ ಬ್ಲೌಸ್ ಪೀಸೂ ಚಟ್ನಿಪುಡಿಯಿಂದ ಆದಷ್ಟು ದೂರದಲ್ಲಿ ಪೆಟ್ಟಿಗೆ ಸೇರಿದವು.

ಡನಾಂಗ್‌ನಿಂದ ಹೋಯ್ ಆನ್

ಡನಾಂಗ್ ವಿಮಾನ ನಿಲ್ದಾಣದಲ್ಲಿ ಸಿಮ್ ಮಾರುವ ಹುಡುಗಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೆಯ ಕಾಲದ್ದೇನೋ ಸಿಕ್ಕಿತೆಂಬಂತೆ ಪಕ್ಕದವಳಿಗೂ ತೋರಿಸಿದಳು. ಆದರೂ ಸಿಮ್ ಕೂತಿತು, ದೀಪ ಉರಿಯಿತು. ಹೊರಗೆ ಅಮ್ಮ ತೆಂಗಿನ ಮರದ ಕೆಳಗೆ ನಿಂತಳು, ನಾನು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ನಾವು ಎಲ್ಲಿದ್ದೇವೆಂದು ಗೊತ್ತಾಗಲೆಂದು ಲೊಕೇಶನ್ನನ್ನೂ ಕಳಿಸಿದೆ. ತುಸು ಹೊತ್ತಿಗೆ ಉತ್ತರ ಬಂತು.

"ಅಮೃತಹಳ್ಳಿ ಅಂತ ತೋರಿಸ್ತಿದೆ. ಗೇಟ್ ತೆಗೀಲಾ?"

ಗ್ಯಾಲರಿ ತೆರೆದು ನೋಡಿದೆ. ಫೋಟೋದ ವಿವರದಲ್ಲೂ ಹಾಗೆಯೇ ಇತ್ತು. ವಿಮಾನದಿಂದ ಇಳಿದ ಫೋನಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ ಎಂದುಕೊಂಡೆ.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅಮ್ಮ ಸ್ಕೂಟರ್‌ಗಳನ್ನು ನೋಡುತ್ತಿದ್ದಳು. ಒಂದರ ಮೇಲೆ ಇಡೀ ಬಟ್ಟೆ ಬೀರು ಹೋಗುತ್ತಿತ್ತು, ಇನ್ನೊಂದರ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಣ್ಣದ ಮೀನುಗಳು. ರಸ್ತೆ ದಾಟುವುದು ಅಲ್ಲಿ ದೊಡ್ಡ ಸಾಹಸವೆಂದು ಓದಿ ನಾನು ಹೆದರಿದ್ದೆ. ಟ್ಯಾಕ್ಸಿ ಇಳಿದ ಮೇಲೆ ಅಮ್ಮ ಕೈ ಅಡ್ಡ ಹಿಡಿದು, ನನ್ನನ್ನು ಎಳೆದುಕೊಂಡು ಆಚೆ ದಡ ಸೇರಿದಳು. ಹೆಬ್ಬಾಳದಲ್ಲಿ ಬಸ್ಸಿಳಿದು ರಸ್ತೆ ದಾಟಿ ಅಭ್ಯಾಸವಿದ್ದವರಿಗೆ ಅದು ಆಟದ ಮೈದಾನದಂತೆ. ಅಲ್ಲಿಯವರು ಹಾರ್ನ್ ಮಾಡುತ್ತಾರೆ, ಆದರೆ ಬೈಯುವ ಹಾಗೆ ಅಲ್ಲ. ನಾನು ಬಂದೆ ಎಂದು ಹೇಳುವ ಹಾಗೆ.

ರಾತ್ರಿ ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಲೊಕೇಶನ್ ಮುಚ್ಚಿ ಮತ್ತೆ ತೆರೆದೆ. ಮರುದಿನ ಅಮ್ಮ ಏಳುವ ಮೊದಲು ಕೆಳಗಿಳಿದು, ಲಾಡ್ಜಿನ ಗೇಟಿನ ಹತ್ತಿರ ದಾಸವಾಳದ ಒಂದು ಫೋಟೋ ತೆಗೆದು ನೋಡಿದೆ. ಹೋಯ್ ಆನ್ ಎಂದು ಸರಿಯಾಗಿ ಬಂತು. ತೊಂದರೆ ನಿವಾರಣೆಯಾಯಿತು ಎಂದು ತೀರ್ಮಾನಿಸಿ ಒಳಗೆ ಹೋಗಿ ಹಲ್ಲುಜ್ಜಿದೆ. ಒಂದೇ ಮಾದರಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ವರ್ಷವಿಡೀ ಪಾಠ ಮಾಡುವವಳು ನಾನೇ.

ಹೊಲಿಗೆ ಅಂಗಡಿ

ಅಲ್ಲಿಯ ಸೈಕಲ್ ರಿಕ್ಷಾದಲ್ಲಿ ಸವಾರಿ ಮುಂದೆ ಕೂರುತ್ತದೆ, ತುಳಿಯುವವನು ಹಿಂದೆ. ನಮ್ಮಲ್ಲಿ ಆಟೋದವರ ಬೆನ್ನು ನೋಡುತ್ತ ಹೋಗುತ್ತೇವೆ. ಅಲ್ಲಿ ಅವರು ನಮ್ಮ ನೆತ್ತಿ ನೋಡುತ್ತ ಬರುತ್ತಾರೆ. ಒಂದು ರಿಕ್ಷಾಕ್ಕೆ ಒಬ್ಬರೇ. ಮೆರವಣಿಗೆಯ ಉತ್ಸವಮೂರ್ತಿಯಂತೆ ಅಮ್ಮ ಮುಂದೆ, ನಾನು ಹಿಂದಿನದರಲ್ಲಿ. ಓಣಿಗಳು ತಿರುಗಿದವು, ಮತ್ತೆ ತಿರುಗಿದವು. ಎಲ್ಲ ಗೋಡೆಗಳೂ ಅರಿಸಿನದ ಬಣ್ಣ, ಎಲ್ಲ ಗೋಡೆಗಳ ಮೇಲೂ ಕಾಗದದ ಹೂವಿನ ಬಳ್ಳಿ. ದಾರಿ ನೆನಪಿಡುವ ಪ್ರಯತ್ನವನ್ನು ನಾನು ಮೂರನೆಯ ತಿರುವಿಗೇ ಬಿಟ್ಟೆ.

ದೊಡ್ಡ ದೊಡ್ಡ ಹೊಲಿಗೆ ಅಂಗಡಿಗಳನ್ನೆಲ್ಲ ದಾಟಿದ ಮೇಲೆ ಅಮ್ಮ ಒಂದು ಚಿಕ್ಕ ಅಂಗಡಿಯ ಮುಂದೆ ಕೈ ಎತ್ತಿದಳು. ಹೂಬಳ್ಳಿ ಹಬ್ಬಿ ಬೋರ್ಡು ಮುಚ್ಚಿಹೋಗಿತ್ತು. ಒಳಗೆ ಒಬ್ಬ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಟೇಪು. ಹೆಸರು ಲಾನ್ ಎಂದಳು.

"ಇಲ್ಲೇ ಯಾಕೆ?" ಎಂದೆ.

"ಮಿಷನ್ ಹತ್ರ ಕಸ ನೋಡು. ಚೂರು ಬಟ್ಟೆ ಬಿದ್ದಿವೆ. ಇವಳೇ ಹೊಲೀತಾಳೆ. ಆ ದೊಡ್ಡ ಅಂಗಡಿಗಳಲ್ಲಿ ನೆಲ ಎಷ್ಟು ಕ್ಲೀನಾಗಿತ್ತು, ನೋಡಿದ್ಯಾ? ಬೇರೆ ಎಲ್ಲಿಗೋ ಕಳಿಸಿ ಹೊಲಿಸ್ತಾರೆ."

ಅಮ್ಮ ಚೀಲ ಬಿಚ್ಚಿ ಹಸಿರು ಪೀಸನ್ನೂ ಅಳತೆ ಬ್ಲೌಸನ್ನೂ ಕೊಟ್ಟಳು. ಲಾನ್ ಅಳತೆ ಬ್ಲೌಸನ್ನು ಬೀದಿಗೆ ಮುಖ ಮಾಡಿದ್ದ ಬೊಂಬೆಗೆ ತೊಡಿಸಿದಳು. ಭುಜ ಸೊಟ್ಟಗೆ ನಿಂತಿತು. ಪಕ್ಕದ ಅಂಗಡಿಯಿಂದ ಇಬ್ಬರು ಬಂದು ನೋಡಿದರು, ಯಾರೋ ಪ್ರವಾಸಿ ಹೆಂಗಸು ಕ್ಯಾಮೆರಾ ಎತ್ತಿದಳು. ಅಮ್ಮನಿಗೆ ಏನೂ ಅನ್ನಿಸಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಮನೆಯ ಬೀರುವಿನ ಬಾಗಿಲು ಬೀದಿಗೆ ತೆರೆದ ಹಾಗಾಯಿತು.

"ಅಮ್ಮ, ನಾನೊಂದು ಕಾಫಿ ಕುಡಿದು ಬರ್ತೀನಿ."

"ಹೋಗು. ಅಂಗಡಿ ಕಾರ್ಡ್ ಇದ್ರೆ ಇಸ್ಕೊಳ್ಳಲಾ?"

"ಬೇಡ. ಅಂಗಡಿ ಫೋಟೋ ತೆಗೆದಿದ್ದೀನಿ. ಜಾಗ ಅದರಲ್ಲೇ ಬರುತ್ತೆ."

ಕಾಫಿ ಅಂಗಡಿ ಸಿಕ್ಕಿದ್ದು ಓಣಿ ದಾಟಿ, ಒಂದು ಹಳೆಯ ಬಾವಿಯ ಪಕ್ಕ ಹಾದು, ಇನ್ನೊಂದು ಬೀದಿಯ ಮಹಡಿಯ ಮೇಲೆ. ಅಲ್ಲಿಯವರು ಲೋಟದ ತಲೆಯ ಮೇಲೆ ಫಿಲ್ಟರ್ ಕೂರಿಸಿಯೇ ತಂದುಕೊಡುತ್ತಾರೆ. ತಳದಲ್ಲಿ ಹಳದಿ ಬಣ್ಣದ ಗಟ್ಟಿ ಹಾಲು. ನಮ್ಮಲ್ಲಿ ಡಿಕಾಕ್ಷನ್ ಇಳಿಯುವ ಕೆಲಸ ಅಡುಗೆಮನೆಯ ಗುಟ್ಟು, ಬಂದವರು ಅದನ್ನು ನೋಡುವುದಿಲ್ಲ. ಅಲ್ಲಿ ಅತಿಥಿಯೇ ಕಾವಲು ಕೂರಬೇಕು. ಹನಿ ಹನಿಯಾಗಿ ಇಳಿಯುವುದನ್ನು ಎಲ್ಲರೂ ಸುಮ್ಮನೆ ನೋಡುತ್ತ ಕೂತಿದ್ದರು. ಮಾತಾಡಬೇಕಿಲ್ಲದ ಆ ಜಾಗ ನನಗೆ ಬಹಳ ಹಿಡಿಸಿತು. ಡಬ್ಬಿ ಅಮ್ಮನ ಬಳಿ ಇದ್ದುದರಿಂದ ಅಂಗಡಿಯ ವೈಫೈ ಹಾಕಿಕೊಂಡೆ. ಲೋಟದ ಫೋಟೋ ತೆಗೆದೆ. ಅಂಗಡಿಯ ಹೆಸರು ನೋಡಲಿಲ್ಲ.

ಹಿಂದಿರುಗಿದಾಗ ಅಮ್ಮ ಸಂತೋಷವಾಗಿದ್ದಳು. ಆಕಾಶಬುಟ್ಟಿ ಹಚ್ಚುವ ಹೊತ್ತಿಗೆ ಬನ್ನಿ ಎಂದು ಲಾನ್ ಕೈಸನ್ನೆಯಲ್ಲಿ ಹೇಳಿದಳು. ಸೈಕಲ್ ರಿಕ್ಷಾಗಳು ಮತ್ತೆ ಅಷ್ಟೂ ತಿರುವುಗಳನ್ನು ತಿರುಗಿ ನಮ್ಮನ್ನು ಲಾಡ್ಜಿಗೆ ಬಿಟ್ಟವು.

ಲಾಡ್ಜ್, ಊಟದ ನಂತರ

ಅನ್ನ ತರಿಸಿ ಚಟ್ನಿಪುಡಿ ಕಲಸಿಕೊಂಡು ತಿಂದೆವು. ಅಮ್ಮ ಮಲಗಿದಳು. ಮಲಗಿದವಳು ಎದ್ದು ಕೂತಳು.

"ಅಲ್ಲಾ ಕಣೇ, ಅವಳು ಎರಡೂ ಭುಜ ಮುಟ್ಟಿ ತೋರಿಸಿ, ಹಿಂಗೆ ಮಾಡಿದ್ಲು." ಎರಡೂ ಅಂಗೈಗಳನ್ನು ಮೇಲೆ ಕೆಳಗೆ ಹಿಡಿದು, ಆಮೇಲೆ ಸಮ ಮಾಡಿ ತೋರಿಸಿದಳು. "ಫಿಕ್ಸ್, ಫಿಕ್ಸ್ ಅಂದ್ಲು."

"ನೀನೇನಂದೆ?"

"ಎಷ್ಟು ಚೆನ್ನಾಗಿ ಗಮನಿಸಿದ್ಲು ಅಂತ ತಲೆ ಆಡಿಸ್ದೆ."

ಅಮ್ಮ ತಲೆಯಾಡಿಸುವುದು ಕ್ಲಾಸಿನಲ್ಲಿ ಮಕ್ಕಳು ಲೆಕ್ಕ ಬಿಡಿಸುವಾಗ ತಲೆಯಾಡಿಸುವ ಹಾಗೆ. ಕೇಳಿಸಿಕೊಳ್ತಿದ್ದೀನಿ, ಮುಂದುವರಿಸು ಎಂಬುದಷ್ಟೇ ಅದರ ಅರ್ಥ. ಉತ್ತರ ಸರಿ ಎಂದಲ್ಲ. ಲಾನ್ ಅದನ್ನು ಹೇಗೆ ತಿಳಿದುಕೊಂಡಿರುತ್ತಾಳೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಸಿರು ಪೀಸಿನ ಜೊತೆಗೆ ಸೊಟ್ಟ ಹೊಲಿದ ಬ್ಲೌಸನ್ನೂ ರಿಪೇರಿಗೆ ತಂದಿದ್ದಾರೆ ಎಂದುಕೊಂಡಿದ್ದಾಳೆ. ಅದನ್ನು ಬಿಚ್ಚಿ ಭುಜ ಸಮ ಮಾಡುತ್ತಾಳೆ.

"ಸಾಯಂಕಾಲದವರೆಗೂ ಕಾಯೋಕಾಗಲ್ಲ," ಎಂದು ಅಮ್ಮ ಸೆರಗು ಸಿಕ್ಕಿಸಿದಳು. "ಆ ಅಂಗಡಿ ಫೋಟೋ ತೆಗೆದು ಜಾಗ ನೋಡು. ಹೋಗೋಣ."

ನೋಡಿದೆ. ಹೊಲಿಗೆ ಅಂಗಡಿ: ಅಮೃತಹಳ್ಳಿ, ಬೆಂಗಳೂರು.

ಕೆಳಗೆ ಲಾಡ್ಜಿನ ಹುಡುಗಿಗೆ ಫೋಟೋ ತೋರಿಸಿದೆವು. ಅವಳು ಬಹಳ ಹೊತ್ತು ಹಿಗ್ಗಿಸಿ ನೋಡಿ, "ಯೆಲ್ಲೋ ವಾಲ್, ಫ್ಲವರ್, ಟೈಲರ್," ಎಂದಳು. ಆಮೇಲೆ ಬಾಗಿಲಾಚೆ ಕೈ ಬೀಸಿ ಇಡೀ ಊರನ್ನು ತೋರಿಸಿದಳು.

ಕಿರಣನಿಗೆ ಫೋನ್ ಮಾಡಿದೆ.

"ಅಕ್ಕ, ಲೊಕೇಶನ್ ಕಳ್ಸು."

ಕಳಿಸಿದೆ.

"ಇದೇನಕ್ಕ, ಮನೇಲೇ ಇದ್ದೀಯಾ? ದೊಡ್ಡಪ್ಪಂಗೆ ಕಾಫಿ ಮಾಡ್ಕೊಡು, ಪಾಪ."

"ಕಿರಣ, ನಿಮ್ಮ ದೊಡ್ಡಮ್ಮನ ಅಳತೆ ಬ್ಲೌಸ್ ಹೋಗ್ತಿದೆ."

ಅವನು ತಕ್ಷಣ ಗಂಭೀರನಾದ. ನಮ್ಮ ಮನೆತನದಲ್ಲಿ ಆ ಬ್ಲೌಸಿನ ಬಗ್ಗೆ ಗೊತ್ತಿಲ್ಲದವರಿಲ್ಲ. ಯಾಕೆ ಎಂದು ಮಾತ್ರ ಗೊತ್ತಿಲ್ಲ. "ಎಲ್ಲಾ ಫೋಟೋನೂ ಹಂಗೇ ಇದ್ಯಾ? ಒಂದಾದ್ರೂ ಕರೆಕ್ಟಾಗಿದೆಯಾ ನೋಡು."

ಒಂದೊಂದಾಗಿ ತೆರೆದೆ. ಅಮೃತಹಳ್ಳಿ, ಅಮೃತಹಳ್ಳಿ, ಅಮೃತಹಳ್ಳಿ. ಬೆಳಗಿನ ದಾಸವಾಳ ಹೋಯ್ ಆನ್. ದೋಣಿ ಅಮೃತಹಳ್ಳಿ. ಅಂಗಡಿ ಅಮೃತಹಳ್ಳಿ. ಕಾಫಿ ಲೋಟ ಹೋಯ್ ಆನ್. ಎರಡೇ ಎರಡು ಸರಿ. ಆ ಎರಡರಲ್ಲಿ ಮಾತ್ರ ಏನಿತ್ತು ಎಂದು ಯೋಚಿಸಿ ಹೊಳೆಯಲಿಲ್ಲ. ಏನಿರಲಿಲ್ಲ ಎಂದು ಯೋಚಿಸಿದಾಗ ತಿಳಿಯಿತು.

"ಇವೆರಡರಲ್ಲೂ ಅಮ್ಮ ಇಲ್ಲ," ಎಂದೆ.

"ನಾನೇನು ಮಾಡ್ದೆ?" ಎಂದಳು ಅಮ್ಮ.

"ನೀನಲ್ಲ. ನಿನ್ನ ಬ್ಯಾಗು."

ಆಚೆಯಿಂದ ಕಿರಣ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. "ಅಯ್ಯೋ, ಡಬ್ಬಿ. ಅಕ್ಕ, ನೀನು ಲೊಕೇಶನ್ನ ಬ್ಯಾಟರಿ ಸೇವಿಂಗ್‌ನಲ್ಲಿ ಇಟ್ಟಿದ್ದೀಯಾ ತಾನೇ? ಹಂಗಿದ್ರೆ ಫೋನು ಆಕಾಶ ನೋಡಲ್ಲ, ಸುತ್ತ ಯಾವ್ಯಾವ ವೈಫೈ ಇದೆ ಅಂತ ನೋಡಿ ಜಾಗ ಗೆಸ್ ಮಾಡುತ್ತೆ. ಆ ಡಬ್ಬಿ ಮೂರು ವರ್ಷ ನಿಮ್ಮನೆ ಕಿಟಕೀಲಿತ್ತಲ್ಲ, ಅದು ಕಂಡ್ರೆ ಸಾಕು, ಅಮೃತಹಳ್ಳಿ ಅಂದ್ಕೊಳ್ಳುತ್ತೆ. ಅದನ್ನ ಆಫ್ ಮಾಡು."

ಅಮ್ಮ ಆಫ್ ಮಾಡಿದಳು. ಕಿರಣನೂ ಆಫ್ ಆದ. ಅವನ ಮಾತು ಬರುತ್ತಿದ್ದುದೂ ಡಬ್ಬಿಯಿಂದಲೇ.

ಲಾಡ್ಜಿನ ವೈಫೈ ಹಾಕಿ, ಸೆಟ್ಟಿಂಗ್ಸ್ ಬದಲಿಸಿ ನಕ್ಷೆ ತೆರೆದೆ. ನೀಲಿ ಚುಕ್ಕೆ ಸಮುದ್ರ ಹಾರಿ ಬಂದು ನಮ್ಮ ಕಾಲಡಿಯಲ್ಲಿ ನಿಂತಿತು. ತೆಗೆದ ಫೋಟೋಗಳು ಹಾಗೆಲ್ಲ ಬದಲಾಗುವುದಿಲ್ಲ. ಹೊಲಿಗೆ ಅಂಗಡಿ ಬೆಂಗಳೂರಿನಲ್ಲೇ ಉಳಿಯಿತು. ಆದರೆ ಕಾಫಿ ಲೋಟದ ಜಾಗ ನಕ್ಷೆಯಲ್ಲಿತ್ತು, ಅಲ್ಲಿಂದ ಅಂಗಡಿಗೆ ನಾನು ನಡೆದೇ ಬಂದಿದ್ದೆ.

"ನೀನು ಸಿಟ್ಟು ಮಾಡ್ಕೊಂಡು ಹೋಗಿದ್ದು ಒಳ್ಳೇದೇ ಆಯ್ತು," ಎಂದಳು ಅಮ್ಮ.

"ಸಿಟ್ಟಲ್ಲ. ಕಾಫಿ."

"ಹೂಂ, ಕಾಫಿ."

ಮತ್ತೆ ಹೊಲಿಗೆ ಅಂಗಡಿ

ಮಧ್ಯಾಹ್ನದ ಬಿಸಿಲಿಗೆ ಊರು ನಿಂತುಹೋಗಿತ್ತು. ಬೆಳಿಗ್ಗೆ ಕೂಗಿ ಕರೆದ ಅಂಗಡಿಗಳಲ್ಲಿ ಯಾರ ದನಿಯೂ ಇಲ್ಲ. ಸೈಕಲ್ ರಿಕ್ಷಾದವರು ತಮ್ಮ ಸವಾರಿಯ ಸೀಟಿನಲ್ಲೇ ಮುದುಡಿ ನಿದ್ದೆ ಹೋಗಿದ್ದರು. ಅಲ್ಲಿಯವರು ಊಟವಾದ ಮೇಲೆ ಎಲ್ಲಿದ್ದಾರೋ ಅಲ್ಲೇ ಮಲಗುತ್ತಾರೆ. ಬಾಗಿಲು ಮುಚ್ಚುವುದಿಲ್ಲ, ಸಾಮಾನು ಒಳಗಿಡುವುದಿಲ್ಲ. ಎಬ್ಬಿಸುವ ಮನಸ್ಸಾಗದೆ ನಡೆದೇ ಹೋದೆವು. ಅಮ್ಮ ಬೇಗ ಬೇಗ ನಡೆದಳು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು; ಗಾಬರಿಯಾದಾಗ ಹಾಗೆ ಮಾಡುತ್ತಾಳೆ.

ಚುಕ್ಕೆ ನಮ್ಮನ್ನು ಕಾಫಿ ಅಂಗಡಿಯ ಮೆಟ್ಟಿಲಿಗೆ ತಂದು ನಿಲ್ಲಿಸಿತು. ಅಲ್ಲಿಂದ ನಾನು ಮುಂದೆ. ಬೀದಿ, ಬಾವಿ, ಓಣಿ. ಬೋರ್ಡು ಮುಚ್ಚಿದ ಹೂಬಳ್ಳಿ.

ಬೊಂಬೆ ಬರಿಮೈಯಲ್ಲಿತ್ತು. ಅಮ್ಮ ನಿಂತುಬಿಟ್ಟಳು.

ಒಳಗೆ ಮಿಷನ್ನಿನ ಪಕ್ಕ ಮಡಚುವ ಮಂಚದ ಮೇಲೆ ಲಾನ್ ಮಲಗಿದ್ದಳು, ಮುಖದ ಮೇಲೆ ಟೋಪಿ. ಮೇಜಿನ ಮೇಲೆ ಕಂದು ಬ್ಲೌಸ್ ಒಳಮೈ ಹೊರಗಾಗಿ ಹರಡಿತ್ತು. ಎಡಭುಜದ ಮೇಲೆ ಸೀಮೆಸುಣ್ಣದ ಗೆರೆ, ಗೆರೆಯ ಪಕ್ಕದಲ್ಲೇ ಕತ್ತರಿ. ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ನಿದ್ದೆ ಮೊದಲು, ಕತ್ತರಿ ಆಮೇಲೆ ಎಂದುಕೊಂಡಿದ್ದಳು.

ನಾನು ಕರೆಯಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದಳು.

"ಬೇಡ. ಮಲಗಿರ್ಲಿ."

"ಇಷ್ಟು ಓಡಿ ಬಂದು?"

"ಸಿಕ್ತಲ್ಲ. ಇನ್ನೇನು ಅವಸರ?"

ಅಂಗಡಿಯ ಮುಂದಿದ್ದ ಮಕ್ಕಳ ಅಳತೆಯ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತೆವು. ಅಮ್ಮ ಆಗಾಗ ಕತ್ತು ತಿರುಗಿಸಿ ಮೇಜಿನ ಕಡೆ ಕಣ್ಣು ಹಾಯಿಸುತ್ತಿದ್ದಳು, ಸ್ಟೋವಿನ ಮೇಲೆ ಹಾಲಿಟ್ಟವರ ಹಾಗೆ.

ಲಾನ್ ಎದ್ದು ನಮ್ಮನ್ನು ನೋಡಿ ಗಾಬರಿಯಾಗಿ, "ನೋ, ನೋ. ಈವ್ನಿಂಗ್," ಎಂದಳು. ಅಮ್ಮ ಬ್ಲೌಸನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. "ನೋ ಫಿಕ್ಸ್," ಎಂದಳು. ಲಾನ್‌ಗೆ ಅರ್ಥವಾಗಲಿಲ್ಲ. ಸೊಟ್ಟ ಭುಜವನ್ನು ತೋರಿಸಿ, ಸೀಮೆಸುಣ್ಣದ ಗೆರೆಯನ್ನು ತೋರಿಸಿ, ತಾನು ಮಾಡಹೊರಟದ್ದು ಒಳ್ಳೆಯದೇ ಎಂದು ವಾದಿಸಿದಳು.

ಆಗ ಅಮ್ಮ ನಾನು ಎಂದೂ ನೋಡಿರದ ಕೆಲಸ ಮಾಡಿದಳು. ಪಿನ್ ತೆಗೆದು ಸೆರಗು ಸರಿಸಿ, ಲಾನ್‌ಳ ಕೈ ಹಿಡಿದು ತನ್ನ ಎಡಭುಜದ ಮೇಲೆ ಇಟ್ಟುಕೊಂಡಳು. ಆಮೇಲೆ ಬಲಭುಜದ ಮೇಲೆ. ಲಾನ್ ಮೂಳೆಯನ್ನು ಬೆರಳಿನಲ್ಲಿ ಮೆಲ್ಲನೆ ಸವರಿ ನೋಡಿದಳು.

"ಮೋಟರ್‌ಬೈಕ್?" ಎಂದಳು.

"ಸ್ಕೂಟರ್," ಎಂದಳು ಅಮ್ಮ.

ಲಾನ್ ಪ್ಯಾಂಟಿನ ಕಾಲು ಮೇಲಕ್ಕೆಳೆದು ತನ್ನ ಮೊಣಕಾಲಿನ ಉದ್ದದ ಗಾಯದ ಗುರುತು ತೋರಿಸಿದಳು. "ಮೀ ಆಲ್ಸೋ." ಇಬ್ಬರೂ ನಗತೊಡಗಿದರು. ಬೀದಿಯಲ್ಲಿ ಹೋಗುವವರು ನೋಡಿದರು. ಈ ಸಲ ನಾನು ಕಾಫಿಗೆ ಹೋಗಲಿಲ್ಲ.

ಸಂಜೆ ಆಕಾಶಬುಟ್ಟಿಗಳು ಹೊತ್ತಿಕೊಂಡಾಗ ಹಸಿರು ಬ್ಲೌಸ್ ಸಿದ್ಧವಾಗಿತ್ತು. ಹ್ಯಾಂಗರಿನಲ್ಲಿ ಸೊಟ್ಟ, ಅಮ್ಮನ ಮೈಮೇಲೆ ನೆಟ್ಟಗೆ. ತೋಳು ಸ್ವಲ್ಪ ಬಿಗಿ. "ಹಮೀದಾನೂ ಮೊದಲನೇ ಸಲ ತೋಳು ಬಿಗಿಯಾಗೇ ಹೊಲಿದಿದ್ಲು," ಎಂದು ಅಮ್ಮ ಅದನ್ನೂ ಲಾನ್‌ಳ ಪರವಾಗಿಯೇ ಎಣಿಸಿದಳು.

ಅಮೃತಹಳ್ಳಿ, ಈ ಸಲ ನಿಜವಾಗಿಯೂ

ಅಪ್ಪ ಗೇಟ್ ತೆಗೆದರು. "ಎಲ್ಲಿಂದ ಬರ್ತಿದ್ದೀರಾ? ಅಮೃತಹಳ್ಳಿಯಿಂದಲಾ?" ಎಂದು ಕೇಳಿದರು, ಆ ಮಾತನ್ನು ವಾರವೆಲ್ಲ ಸಿದ್ಧಪಡಿಸಿಟ್ಟಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಡಬ್ಬಿ ಮತ್ತೆ ಕಿಟಕಿ ಸೇರಿತು, ಕಂದು ಬ್ಲೌಸ್ ತನ್ನ ಚೀಲ ಸೇರಿತು.

ಭಾನುವಾರ ಕಿರಣ ಲ್ಯಾಪ್‌ಟಾಪ್ ಹಿಡಿದು ಬಂದ. "ಎಲ್ಲಾ ಫೋಟೋನೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಒಂದೇ ಸಲಕ್ಕೆ ಹೋಯ್ ಆನ್ ಮಾಡ್ಬಿಡ್ತೀನಿ ಅಕ್ಕ. ಎರಡು ನಿಮಿಷದ ಕೆಲಸ."

ಫೋನ್ ಕೊಡುವ ಮುಂಚೆ ಫೋಟೋಗಳನ್ನು ಎರಡು ಗುಂಪು ಮಾಡಿ ನೋಡಿದೆ, ಅದು ನನ್ನ ವೃತ್ತಿಯ ಚಾಳಿ. ಹೋಯ್ ಆನ್ ಎಂದು ಸರಿಯಾಗಿ ಬಂದವು ಕೆಲವೇ: ದಾಸವಾಳ, ಕಾಫಿ ಲೋಟ, ಡಬ್ಬಿ ಆಫ್ ಮಾಡಿದ ಮೇಲಿನವು. ಅಮೃತಹಳ್ಳಿ ಎಂದಿದ್ದ ಪ್ರತಿಯೊಂದರಲ್ಲೂ ಅಮ್ಮ ಇದ್ದಳು. ಕಾಣದಿದ್ದ ಕಡೆ ಚೌಕಟ್ಟಿನಾಚೆ ಕೈಚೀಲ ಹಿಡಿದು ನಿಂತು, ಬಿಸಿಲಿಗೆ ನಿಲ್ಲಬೇಡ, ಬೇಗ ತೆಗಿ ಎನ್ನುತ್ತಿದ್ದಳು.

"ಬಿಡೋ," ಎಂದೆ.

"ತಪ್ಪಿದೆ ಕಣಕ್ಕ."

"ಇರ್ಲಿ."

ಹೊಲಿಗೆ ಅಂಗಡಿಯದನ್ನು ಮಾತ್ರ ತಿದ್ದಿಸಿದೆ. ನಕ್ಷೆಯಲ್ಲಿ ಬಾವಿಯ ಹಿಂದಿನ ಓಣಿಯನ್ನು ಹುಡುಕಿ, ಕಿರಣನ ಬೆರಳನ್ನು ಒಂದಿಷ್ಟು ಎಡಕ್ಕೆ, ಇನ್ನೊಂದಿಷ್ಟು ಎಡಕ್ಕೆ ಎಂದು ಸರಿಸಿ, ನಿಖರವಾಗಿ ಅಲ್ಲೇ ಇಡಿಸಿದೆ. ಅಮ್ಮನ ಬೀರುವಿನಲ್ಲಿ ಇನ್ನೂ ಎರಡು ಬ್ಲೌಸ್ ಪೀಸ್‌ಗಳಿವೆ.